ಬಿಡಾರದಮ್ಮನ ಆಗಸ್ಟ್

ಜುಲೈ ೨೯, ೧೯೬೧, ಶನಿವಾರ

ಲಂಡನ್ನಿನಿಂದ ನಮ್ಮ ಕಡಲೂರು ಥಾರ್ನ್‌ಸೀಗೆ ಬಂದಿಳಿದೆ. ಅಮ್ಮನ ಬಲಗೈಗೆ ಸುಣ್ಣದ ಪಟ್ಟಿ ಹಾಕಿದ್ದಾರೆ. ಮುಖದಲ್ಲಿ ಮಾತ್ರ ಮುರಿದದ್ದು ಬೇರೆ ಯಾರದೋ ಕೈ ಎಂಬ ಗತ್ತು. ಮುಂಬಾಗಿಲ ಮೆಟ್ಟಿಲು ತೊಳೆಯುವಾಗ ಜಾರಿದಳಂತೆ. ಬಿದ್ದವಳು ಎದ್ದು, ಉಳಿದ ಮೆಟ್ಟಿಲುಗಳನ್ನು ಎಡಗೈಯಲ್ಲಿ ತೊಳೆದು ಮುಗಿಸಿ, ಆಮೇಲೆ ಡಾಕ್ಟರ ಹತ್ತಿರ ಹೋದಳಂತೆ. ಅರ್ಧ ತೊಳೆದ ಮೆಟ್ಟಿಲನ್ನು ಬಿಡಾರದವರು ನೋಡಿಬಿಟ್ಟರೆ ಗತಿಯೇನು?

"ಬಂದ್ಯಾ ಥೆಲ್ಮಾ? ಹಿಂದಿನ ಬಾಗ್ಲಿಂದ ಬಾ" ಎಂದಳು. ಎರಡು ವರ್ಷದ ಮೇಲೆ ಬಂದ ಮಗಳಿಗೆ ಇಷ್ಟು ಸ್ವಾಗತ ಧಾರಾಳವಾಯಿತು.

ಮನೆಯೊಳಗೆ ನನಗೆ ಕೋಣೆಯಿಲ್ಲ. ಬೇಸಿಗೆಯಲ್ಲಿ ಎಂದೂ ಇದ್ದದ್ದಿಲ್ಲ. ಈ ಊರಿನಲ್ಲಿ ಜುಲೈ ಬಂತೆಂದರೆ ಮನೆಯವರು ಮನೆಯನ್ನು ರಜೆಗೆ ಬಾಡಿಗೆಗಿಳಿಯುವ ಬಿಡಾರದವರಿಗೆ ಬಿಟ್ಟುಕೊಟ್ಟು, ತಾವು ಹಿತ್ತಿಲಿನ ಬಟ್ಟೆ ಒಗೆಯುವ ಕೊಟ್ಟಿಗೆಗೆ ಹೋಗಿ ಸೆಪ್ಟೆಂಬರಿನವರೆಗೆ ಉಸಿರು ಹಿಡಿದುಕೊಂಡಿರುವುದು ವಾಡಿಕೆ. ತಾಮ್ರದ ಹಂಡೆಯ ಪಕ್ಕ ಅದೇ ಕಬ್ಬಿಣದ ಮಂಚ. ಮೂವತ್ತು ದಾಟಿದ ಮೇಲೆ ನಾನು ಉದ್ದವಾದೆನೋ ಮಂಚ ಗಿಡ್ಡವಾಯಿತೋ, ಕಾಲು ಹೊರಗೆ ಚಾಚಿಕೊಂಡಿದೆ.

ಅಮ್ಮ ಊರಿಗೆಲ್ಲ ಹೇಳಿಟ್ಟಿದ್ದಾಳೆ: ನನ್ನ ಮಗಳು ಲಂಡನ್ ಪೇಪರಿನಲ್ಲಿ ಅಡುಗೆ ಬರೀತಾಳೆ. ಹಾಗೆ ಅವಳಿಗೆ ಹೇಳಿದವಳು ನಾನೇ. ನಾನು ಬರೆಯುವುದು ಪೆನೆಲಪಿ ವೇನ್ ಎಂಬ ಹೆಸರಿನಲ್ಲಿ, ಗುರುವಾರದ ನಗೆ ಅಂಕಣ. ಅದರಲ್ಲಿ ಪೆನೆಲಪಿ ಎಂಬ ಪುಟ್ಟ ಹುಡುಗಿ ಪ್ರತಿ ಬೇಸಿಗೆ ತನ್ನ ಶ್ರೀಮಂತ ತಾಯಿಯೊಡನೆ ಕಡಲೂರಿಗೆ ರಜೆಗೆ ಬರುತ್ತಾಳೆ. ಮಿಸೆಸ್ ಗ್ರಬ್ ಎಂಬ ಬಿಡಾರದಮ್ಮನ ಕೈಗೆ ಸಿಕ್ಕಿ ನಲುಗುತ್ತಾಳೆ. ಓದುಗರಿಗೆ ಮಿಸೆಸ್ ಗ್ರಬ್ ಎಂದರೆ ಪ್ರಾಣ. ಮಿಸೆಸ್ ಗ್ರಬ್ ಯಾರೆಂದು ನನ್ನ ದಿನಚರಿಯಲ್ಲಾದರೂ ಬರೆಯುವ ಅಗತ್ಯವಿಲ್ಲ. ಅವಳು ಈಗ ಹಿತ್ತಿಲಿನಲ್ಲಿ ಎಡಗೈಯಿಂದ ದಿಂಬು ಬಡಿಯುತ್ತಿದ್ದಾಳೆ.

ಅಮ್ಮ ಆ ಪೇಪರು ಓದುವುದಿಲ್ಲ ಎಂಬ ಒಂದೇ ಧೈರ್ಯದ ಮೇಲೆ ನನ್ನ ಆರು ವರ್ಷದ ಕೀರ್ತಿ ನಿಂತಿದೆ. ಇವತ್ತು ಸಂಜೆ ಮಹಡಿಯ ಮುಂದಿನ ಕೋಣೆಗೆ ಹ್ಯಾಲಿಫ್ಯಾಕ್ಸಿನ ನಿವೃತ್ತ ಗುಮಾಸ್ತರಾದ ಸಗ್ಡೆನ್ ದಂಪತಿಗಳು ಮೂರು ವಾರಕ್ಕೆ ಬಂದರು. ಸಗ್ಡೆನ್ನರ ಕಂಕುಳಲ್ಲಿ ಮಡಿಸಿದ ಪೇಪರು. ನಮ್ಮದೇ ಪೇಪರು.

ಜುಲೈ ೩೧, ಸೋಮವಾರ

ಬೇರೆ ಊರುಗಳಲ್ಲಿ ಬಿಡಾರದಮ್ಮಂದಿರು ಅಡುಗೆ ಮಾಡಿ ಬಡಿಸುತ್ತಾರೆ. ಇಲ್ಲಿ ಇನ್ನೂ ಹಳೇ ಪದ್ಧತಿ: ಅವರವರ ಸಾಮಾನು ಅವರವರು ತರುವುದು, ಬೇಯಿಸುವುದು ನಾವು. ಈ ಪದ್ಧತಿ ಇಟ್ಟುಕೊಂಡವರು ಊರಿನಲ್ಲಿ ಇಬ್ಬರೇ ಉಳಿದಿದ್ದಾರೆ, ಅಮ್ಮ ಮತ್ತು ಪಕ್ಕದ ಮನೆಯ ಏಡಾ ಸ್ಟಾದರ್ಸ್. ಉಳಿದವರೆಲ್ಲ ಮೇಲಿನ ಗದ್ದೆಯಲ್ಲಿ ಚಕ್ರದ ಮನೆಗಳನ್ನು ನಿಲ್ಲಿಸಿ ಬಾಡಿಗೆ ಎಣಿಸುತ್ತ ಕೂತಿದ್ದಾರೆ.

ಒಂದೇ ಪಾತ್ರೆಯಲ್ಲಿ ಮೂರು ಸಂಸಾರದ ಆಲೂಗಡ್ಡೆ ಬೇಯಬೇಕು, ಒಬ್ಬರದು ಇನ್ನೊಬ್ಬರ ತಟ್ಟೆಗೆ ಹೋಗಬಾರದು. ಅದಕ್ಕೆ ಅಮ್ಮನ ಉಪಾಯ ದಾರದ ಬಲೆಚೀಲ. ಚೀಲದ ಬಾಯಿಗೆ ಬಣ್ಣದ ಉಣ್ಣೆ. ಸಗ್ಡೆನ್ನರದು ನೀಲಿ, ಹಿಂದಿನ ಕೋಣೆಯ ಲೀಡ್ಸಿನವರದು ಕೆಂಪು, ನಮ್ಮದು ಯಾವಾಗಲೂ ಬಿಳಿ. ಮಾಂಸದ ತುಂಡಿಗೂ ಮೀನಿನ ಬಾಲಕ್ಕೂ ಇದೇ ಶಾಸ್ತ್ರ. ಇಡೀ ಇಂಗ್ಲೆಂಡನ್ನು ನಗಿಸಲು ಈ ಉಣ್ಣೆಯ ಬಗ್ಗೆ ನಾನು ಆಗಲೇ ಅಂಕಣ ಬರೆದಿಟ್ಟಿದ್ದೇನೆ. ಇವತ್ತು ಅದೇ ಉಣ್ಣೆಯನ್ನು ತಪ್ಪಾಗಿ ಕಟ್ಟಿ ಸಗ್ಡೆನ್ನರ ಹೊಗೆಮೀನನ್ನು ಲೀಡ್ಸಿನ ಮಕ್ಕಳಿಗೆ ತಿನ್ನಿಸಿದೆ. ಸಗ್ಡೆನ್ ಎದ್ದು ನಿಂತು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಹೀಗಾಯಿತು ಎಂದು ಸಾವಿನ ಸುದ್ದಿ ಹೇಳುವ ಧಾಟಿಯಲ್ಲಿ ಹೇಳಿದರು. ಅಮ್ಮ ತನ್ನ ಪಾಲಿನ ಮೀನನ್ನು ಅವರ ತಟ್ಟೆಗೆ ಹಾಕಿ ಒಳಗೆ ಹೋದಳು. ಅಡುಗೆ ಬರೆಯುವವಳಂತೆ ಎಂದು ಸಗ್ಡೆನ್ನರ ಹೆಂಡತಿ ಚಮಚಕ್ಕೆ ಹೇಳಿದಳು.

ಈ ಮನೆಯಲ್ಲಿ ಬೆಳೆದ ಹುಡುಗಿ ಮೊದಲು ಕಲಿಯುತ್ತಿದ್ದ ವಿದ್ಯೆ ಕಾಣಿಸದಿರುವುದು. ಗೋಡೆ ಸವರಿಕೊಂಡು ನಡೆಯಬೇಕು, ಮೂರನೆಯ ಮೆಟ್ಟಿಲು ಕಿರುಗುಟ್ಟುತ್ತದೆ ಎಂದು ಅದನ್ನು ದಾಟಿ ಕಾಲಿಡಬೇಕು, ಬಿಡಾರದವರ ಮಕ್ಕಳು ಬಣ್ಣದ ಬಕೆಟ್ಟು ಹಿಡಿದು ಹೊರಟಾಗ ನೋಡಬಾರದು. ನಾನು ನೋಡುತ್ತಿದ್ದೆ. ಗೋಡೆಯಾಚೆಯಿಂದ ಏಡಾ ಕೊಬ್ಬು ಸವರಿದ ಬಿಸಿ ಬ್ರೆಡ್ಡು ಚಾಚಿ, ಹಿಡ್ಕೋ ಮರೀ, ಯಾರಿಗೂ ಹೇಳ್ಬೇಡ ಅನ್ನುತ್ತಿದ್ದಳು. ಕಡಲಿಗೆ ಇನ್ನೂರು ಹೆಜ್ಜೆ ದೂರದಲ್ಲಿದ್ದೂ ಆಗಸ್ಟಿನ ಕಡಲನ್ನು ನಾನು ಕಂಡಿದ್ದು ಬಿಡಾರದವರ ಒದ್ದೆ ಬಟ್ಟೆ ಹಿಂಡುವಾಗ, ಬೋಗುಣಿಯಲ್ಲಿ.

ಆಗಸ್ಟ್ ೩, ಗುರುವಾರ

ಮೊದಲನೆಯ ಗುಂಡು ಬಿತ್ತು.

ಲಂಡನ್ ಬಿಡುವ ಮೊದಲು ನಾಲ್ಕು ವಾರದ ಅಂಕಣ ಬರೆದುಕೊಟ್ಟು ಬಂದಿದ್ದೆ, ನಾಲ್ಕೂ ಮಿಸೆಸ್ ಗ್ರಬ್ಬಳ ಮೇಲೆ. ಈ ಬುದ್ಧಿವಂತಿಕೆಗೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದು ನೆನಪಿದೆ.

ಬೆಳಗಿನ ತಿಂಡಿಗೆ ಸಗ್ಡೆನ್ ಪೇಪರು ಬಿಡಿಸಿದರು. ಅವರಿಗೆ ಒಬ್ಬರೇ ನಗುವ ಅಭ್ಯಾಸವಿಲ್ಲ. ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಬೇಕು. ಹತ್ತು ಗಂಟೆಗೆ ಬಿಡಾರದವರನ್ನೆಲ್ಲ ಮಳೆಗೆ ತಳ್ಳಿ ಬಾಗಿಲು ಹಾಕಿಕೊಳ್ಳುವ ಮಿಸೆಸ್ ಗ್ರಬ್, ಬಸ್ ನಿಲ್ದಾಣದಲ್ಲಿ ನೆಂದ ಕೋಳಿಗಳಂತೆ ಸಾಲಾಗಿ ಕೂತ ಸಂಸಾರಗಳು, ಅಂಥ ಮಳೆಯಲ್ಲೂ ಲಿನನ್ ಟೋಪಿ, ಬಿಳಿ ಕೈಗವಸು ತೊಟ್ಟು ಕ್ಯಾನ್ವಾಸ್ ಕುರ್ಚಿಯಲ್ಲಿ ಕಾದಂಬರಿ ಓದುವ ಪೆನೆಲಪಿಯ ತಾಯಿ. ನಾನು ಚಹಾದ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಚಹಾ ನನ್ನ ಬೂಟಿನೊಳಗೆ ಹೋಗುತ್ತಿತ್ತು, ಗೊತ್ತಾಗಲಿಲ್ಲ.

ಅಮ್ಮ ನಕ್ಕಳು. ನಾನು ಅವಳು ನಗುವುದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಹೊಟ್ಟೆ ಹಿಡಿದುಕೊಂಡು, ಕುರ್ಚಿಗೆ ಒರಗಿ, ಇಂಥ ಹೆಂಗಸರು ಇದ್ದಾರೆ ಕಣ್ರೀ, ಇದ್ದಾರೆ, ಇನ್ನೊಂದ್ಸಲ ಓದಿ ಅಂದಳು. ಸಗ್ಡೆನ್ ಇನ್ನೊಂದು ಸಲ ಓದಿದರು.

ಆಮೇಲೆ ಗಡಿಯಾರ ನೋಡಿ, "ಹತ್ತಾಯ್ತು, ಎಲ್ರೂ ಆಚೆ ನಡೀರಿ, ಕೋಣೆ ಗುಡಿಸ್ಬೇಕು" ಎಂದು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಹೊರಗೆ ಹನಿಯುತ್ತಿತ್ತು.

ಆಗಸ್ಟ್ ೭, ಸೋಮವಾರ, ಬ್ಯಾಂಕ್ ರಜೆ

ಇಡೀ ದಿನ ಮಳೆ. ಹತ್ತಕ್ಕೆ ಅವರನ್ನು ಹೊರಗೆ ಕಳಿಸಿದವಳು ನಾನು. ಅಮ್ಮ ಕೈನೋವಿಗೆ ಮಲಗಿದ್ದಳು. ನಾನೇನು ಮಾಡಲಿ? ಹಾಸಿಗೆ ಆರು, ಮೂತ್ರದ ಪಾತ್ರೆ ನಾಲ್ಕು, ಮಕ್ಕಳ ಜೇಬಿನಿಂದ ಸುರಿದ ಮರಳು ಒಂದು ಕಡಲು. ಅವರು ಒಳಗಿದ್ದರೆ ಕೆಲಸ ಮುಗಿಯುವುದು ಹೇಗೆ? ಪೆನೆಲಪಿ ವೇನ್‌ಗೆ ಇದು ಹೊಳೆದಿರಲಿಲ್ಲ. ಅವಳು ಯಾರ ಮೂತ್ರದ ಪಾತ್ರೆಯನ್ನೂ ಎತ್ತಿದವಳಲ್ಲ.

ಸಣ್ಣವಳಿದ್ದಾಗ ನಮಗೂ ಒಂದು ರಜೆ ಇತ್ತು. ಸೆಪ್ಟೆಂಬರ್ ಕೊನೆಯಲ್ಲಿ, ಕೊನೆಯ ಬಿಡಾರದವರು ರೈಲು ಹತ್ತಿದ ಮಾರನೆಯ ದಿನ. ಅಮ್ಮ ಕೆಲಸದ ಏಪ್ರನ್ ಬಿಚ್ಚದೆ ನನ್ನನ್ನು ಕರೆದುಕೊಂಡು ಮರಳಿಗೆ ಇಳಿಯುತ್ತಿದ್ದಳು. ಚಳಿಗಾಳಿ, ಒಬ್ಬ ನರಪಿಳ್ಳೆಯೂ ಇಲ್ಲ. ಸಾಕ್ಸು ಬಿಚ್ಚಿ ನೀರಿಗೆ ಕಾಲಿಟ್ಟು, ಅಯ್ಯಪ್ಪ, ಇದಕ್ಕಾ ಇವರೆಲ್ಲ ದುಡ್ಡು ಕೊಟ್ಟು ಬರೋದು ಅನ್ನುತ್ತಿದ್ದಳು. ಈ ದಿನದ ಬಗ್ಗೆ ನಾನು ಎಂದೂ ಅಂಕಣ ಬರೆದಿಲ್ಲ. ನಗುವಂಥದ್ದು ಅದರಲ್ಲೇನಿದೆ?

ಆಗಸ್ಟ್ ೧೦, ಗುರುವಾರ

ಎರಡನೆಯ ಗುಂಡು. ಉಣ್ಣೆಯದು.

ಮೂರು ಬಣ್ಣದ ಉಣ್ಣೆ, ಬಲೆಚೀಲದ ಆಲೂಗಡ್ಡೆ, ಉಪ್ಪಿನ ಬುಡ್ಡಿ ಮುಟ್ಟಿದವರ ಮೇಲೆ ಹದ್ದಿನ ಕಣ್ಣು. ಸಗ್ಡೆನ್ ಓದುತ್ತ ಓದುತ್ತ ಮಧ್ಯದಲ್ಲಿ ನಿಧಾನವಾದರು. ತಮ್ಮ ತಟ್ಟೆಯಲ್ಲಿದ್ದ ನೀಲಿ ಎಳೆಯನ್ನು ನೋಡಿದರು, ಅಮ್ಮನನ್ನು ನೋಡಿದರು, ಮತ್ತೆ ಪೇಪರು ನೋಡಿದರು. ಸತ್ತೆ ಅಂದುಕೊಂಡೆ. ಒಂದು ಕ್ಷಣ, ಹೇಳುವುದಕ್ಕೂ ನಾಚಿಕೆ, ಹಗುರವೂ ಆಯಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು, ಅದು ಲೋಕದ ರೂಢಿ. ಅಮ್ಮ ಪಕ್ಕದ ಮನೆಯ ಹೆಗಲು ತೋರಿಸಿದಳು.

"ಇದು ಏಡಾ ಕಣ್ರೀ" ಎಂದಳು, ಮೇಜು ಬಡಿದು. "ನೂರಕ್ಕೆ ನೂರು ಏಡಾ. ಉಣ್ಣೆ ಕಟ್ಟೋದನ್ನ ನನ್ನ ನೋಡಿ ಕಲಿತ್ಲಲ್ಲ. ಆ ಪೆನೆಲಪಿಯಮ್ಮ ಅವಳ ಮನೇಲಿ ಇಳ್ಕೊಂಡಿದ್ದಾಳೆ."

ಸಗ್ಡೆನ್ ನೆಮ್ಮದಿಯಿಂದ ನಿಟ್ಟುಸಿರುಬಿಟ್ಟರು. ಏಡಾ ಉಪ್ಪಿನ ವಿಷಯದಲ್ಲಿ ಸ್ವಲ್ಪ ಬಿಗಿ ಎಂದು ಅವರ ಹೆಂಡತಿಗೂ ಕೂಡಲೇ ನೆನಪಾಯಿತು. ಅಮ್ಮ ನನ್ನ ಕಡೆ ತಿರುಗಿ ಅಲ್ವೇನೇ ಎಂದು ಕೇಳಿದಳು. ಇಲ್ಲಮ್ಮ, ಅನ್ನಬಹುದಿತ್ತು. ಬಾಯಿ ತೆರೆದೂ ಇತ್ತು. ಅದರಿಂದ ಬಂದದ್ದು, "ಇರಬಹುದು."

ಒಂದೇ ಮಾತು. ಆರು ವರ್ಷ ಅಂಕಣ ಬರೆದವಳು, ಇಷ್ಟು ಚಿಕ್ಕದಾಗಿ ಇಷ್ಟು ಕೆಟ್ಟದಾಗಿ ಹಿಂದೆ ಬರೆದಿರಲಿಲ್ಲ.

ಆಗಸ್ಟ್ ೧೩, ಭಾನುವಾರ

ಚಾಪೆಲ್ಲಿನ ವಾರ್ಷಿಕ ಚಹಾಕೂಟ. ಹಂದಿಮಾಂಸದ ಸ್ಯಾಂಡ್‌ವಿಚ್, ಜೀರಿಗೆ ಕೇಕು, ಊರಿನ ಹೆಂಗಸರೆಲ್ಲ ಟೋಪಿ ಇಟ್ಟುಕೊಂಡು ಬಂದಿದ್ದರು. ಅಮ್ಮ ಮುರಿದ ಕೈಯನ್ನು ಯುದ್ಧದಿಂದ ಬಂದ ಸೇನಾಪತಿಯಂತೆ ಜೋಲಿಯಲ್ಲಿ ತೂಗಿಸಿಕೊಂಡು ನಡುವೆ ಕೂತಳು. ಪೇಪರಿನ ಕಥೆಯನ್ನು ತಾನೇ ಹೇಳಿದಳು, ಸಗ್ಡೆನ್ನರಿಗಿಂತ ಚೆನ್ನಾಗಿ ಹೇಳಿದಳು. ನನಗಿಂತ ಚೆನ್ನಾಗಿ ಎಂದೂ ಬರೆಯಬೇಕಾಗುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಹುಬ್ಬೆತ್ತಬೇಕು ಎಂಬುದೆಲ್ಲ ಅವಳಿಗೆ ಗೊತ್ತು. ನನ್ನ ಕಸುಬು ನನಗೆ ಎಲ್ಲಿಂದ ಬಂತೆಂದು ಇವತ್ತಿನವರೆಗೆ ನಾನು ಯೋಚಿಸಿರಲಿಲ್ಲ.

ಅಷ್ಟರಲ್ಲಿ ಏಡಾ ಒಳಗೆ ಬಂದಳು, ಕೈಯಲ್ಲಿ ತಾನು ಮಾಡಿದ ಕೇಕಿನ ತಟ್ಟೆ. ಯಾರೋ, ಮಿಸೆಸ್ ಗ್ರಬ್ ಬಂದ್ರು ಎಂದರು. ನಗು ಎದ್ದಿತು. ಏಡಾ ಅರ್ಥವಾಗದೆಯೇ ತಾನೂ ನಕ್ಕಳು. ಮೀನಂಗಡಿಯ ವಿಲ್ಫ್ ಎದ್ದು ಬಾಗಿ, ಕೇಕಿನ ಜೊತೆ ಉಪ್ಪು ಮುಟ್ಟಬಹುದಾ ಅಮ್ಮಾ, ಅಪ್ಪಣೆ ಇದೆಯಾ ಎಂದ. ಆಗ ಅವಳ ನಗು ಮುಖದ ಮೇಲೇ ಉಳಿದು, ಒಳಗಿಂದ ಬರುವುದು ನಿಂತುಹೋಯಿತು. ತಟ್ಟೆಯನ್ನು ಮೇಜಿನ ತುದಿಯಲ್ಲಿಟ್ಟು, ಓವನ್ ಆರಿಸಿದೆನೋ ಇಲ್ಲವೋ ನೋಡಬೇಕು ಎಂದು ಹೊರಟುಹೋದಳು.

ಅವಳ ಕೇಕನ್ನು ಯಾರೂ ಮುಟ್ಟಲಿಲ್ಲ, ಅದೂ ತಮಾಷೆಯ ಭಾಗವಾಯಿತು. ನಾನು ಮೂರು ತುಂಡು ತಿಂದೆ. ತಿಂದರೆ ಪರಿಹಾರವಾಗುವ ಪಾಪ ಇದಲ್ಲ ಎಂದು ಎರಡನೆಯ ತುಂಡಿಗೇ ಗೊತ್ತಾಗಿತ್ತು.

ಆಗಸ್ಟ್ ೧೪, ಸೋಮವಾರ

ಬಟ್ಟೆ ಹಿಂಡುತ್ತಿದ್ದಾಗ ನೆನಪಾಗಿ ಕೈ ನಿಂತುಹೋಯಿತು. ಈ ಗುರುವಾರದ ಅಂಕಣ ಬಿಡಾರದಮ್ಮನ ಮಗಳ ಮೇಲೆ.

ಏಡಾಗೆ ಮಕ್ಕಳಿಲ್ಲ. ಎರಡು ಹುಟ್ಟಿದ್ದವು, ಎರಡೂ ಚಾಪೆಲ್ಲಿನ ಹಿಂದೆ ಮಲಗಿವೆ. ಊರಿನ ಯಾರಿಗೂ ಇದು ಹೊಸದಲ್ಲ, ಅಮ್ಮನಿಗಂತೂ ಅಲ್ಲ. ಆ ಅಂಕಣ ಓದಿದ ಕ್ಷಣವೇ ಏಡಾಳ ಹೆಗಲಿನಿಂದ ಕುಂಬಳಕಾಯಿ ಇಳಿಯುತ್ತದೆ, ಎಲ್ಲಿ ಹೋಗಿ ಕೂರುತ್ತದೆಂದು ಅಮ್ಮನಿಗೆ ಯಾರೂ ಹೇಳಬೇಕಾಗಿಲ್ಲ.

ಬೋಗುಣಿ ಬಿಟ್ಟು ದೂರವಾಣಿ ಗೂಡಿಗೆ ಓಡಿದೆ. ಸಂಪಾದಕರಿಗೆ ಅಂಕಣ ತಡೆಯಿರಿ ಎಂದೆ. ಅಚ್ಚಿಗೆ ಹೋಗಿದೆ, ಇದುವರೆಗಿನದರಲ್ಲೆಲ್ಲ ಅತ್ಯುತ್ತಮ, ಆ ಗೊಣ್ಣೆ ಮೂಗಿನ ಹುಡುಗಿಗೆ ತಾವು ಬಿದ್ದು ಬಿದ್ದು ನಕ್ಕೆವು ಎಂದರು. ಆ ಹುಡುಗಿ ಯಾರು, ನಿಜವಾಗಿ ಇದ್ದಳೇ ಎಂದೂ ಕೇಳಿದರು. ಹಾಕಿದ್ದ ನಾಣ್ಯದ ಹೊತ್ತು ಮುಗಿದು ಸಂಪರ್ಕ ಕಡಿಯಿತು. ಜೇಬಿನಲ್ಲಿ ಇನ್ನೂ ನಾಣ್ಯಗಳಿದ್ದವು.

ಅಮ್ಮನಿಗೆ ಈಗಲೇ ಹೇಳಿಬಿಡಬೇಕು. ಹಂಡೆ ಕುದಿಯುತ್ತಿದೆ, ಅದಾದ ಮೇಲೆ.

ಆಗಸ್ಟ್ ೧೫, ಮಂಗಳವಾರ

ಏಡಾ ತನ್ನ ಕಿಟಕಿಯಿಂದ 'ಕೋಣೆಗಳಿವೆ' ಎಂಬ ಹಲಗೆ ತೆಗೆದಿದ್ದಾಳೆ. ಆಗಸ್ಟಿನ ನಡುವೆ. ಕೋಣೆ ಖಾಲಿಯಿದೆ.

ಅಮ್ಮನಿಗೆ ಹೇಳಲಿಲ್ಲ.

ಆಗಸ್ಟ್ ೧೭, ಗುರುವಾರ

ಬೆಳಿಗ್ಗೆ ಪೇಪರು ಬಾಗಿಲ ಸಂದಿಯಿಂದ ಬಿದ್ದ ಕೂಡಲೇ ಎತ್ತಿಕೊಂಡು ಹೋಗಿ ಹಂಡೆಯ ಒಲೆಗೆ ಹಾಕಿದೆ. ಚೆನ್ನಾಗಿ ಉರಿಯಿತು. ನನ್ನ ಬರಹದಿಂದ ಮೊದಲ ಬಾರಿಗೆ ನಾಲ್ಕು ಜನರಿಗೆ ಸ್ನಾನದ ನೀರು ಕಾಯಿತು.

ಪೇಪರಿಲ್ಲದ ಸಗ್ಡೆನ್ ಮಗ್ಗ ನಿಂತ ಗಿರಣಿಯಂತೆ ಕೂತಿದ್ದರು. ಪೇಪರು ಹಂಚುವವನನ್ನು ಬೈದರು, ಅಂಚೆ ಇಲಾಖೆಯನ್ನು ಬೈದರು, ಸರ್ಕಾರವನ್ನೂ ಬಿಡಲಿಲ್ಲ. ನಾನು ಅವರ ಜೊತೆಗೂಡಿ ತಲೆಯಾಡಿಸಿದೆ. ಹತ್ತು ಗಂಟೆಗೆ ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿ, ಗೆದ್ದೆ ಅಂದುಕೊಂಡು ಆಲೂಗಡ್ಡೆಗೆ ಕೂತೆ. ಅಮ್ಮ ಎದುರಿಗೆ ಕೂತು ಎಡಗೈಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಒಂದೇ ಪೇಪರು ಅಚ್ಚಾಗುತ್ತದೆ ಎಂಬಂತೆ ನಾನು ನಡೆದುಕೊಂಡೆ. ಲಕ್ಷಾಂತರ ಪ್ರತಿ ಎಂದು ಎಲ್ಲ ಕಡೆ ಕೊಚ್ಚಿಕೊಳ್ಳುತ್ತಿದ್ದವಳೂ ನಾನೇ.

ಹಿಂಬಾಗಿಲಲ್ಲಿ ಏಡಾ. ಅವಳ ಬಿಡಾರದವರು ನಗುತ್ತ ಅವಳ ಕೈಗಿಟ್ಟಿದ್ದರಂತೆ. ಪೇಪರನ್ನು ನಾಲ್ಕು ಮಡಿಕೆ ಮಾಡಿ ಹಿಡಿದಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ.

"ಉಪ್ಪಿಗೆ ನಕ್ರಿ, ನಕ್ಕೊಳ್ಳಿ ಅಂದೆ" ಎಂದಳು. "ಉಣ್ಣೆಗೆ ನಕ್ರಿ. ಅದೂ ಆಯ್ತು. ಇದನ್ನ ಓದು ಹಿಲ್ಡಾ. ನನಗೆ ಮಗಳಿಲ್ಲ."

ಅಮ್ಮ ಪೇಪರನ್ನು ಮೇಜಿನ ಮೇಲೆ ಹರಡಿ, ಹಾರದಂತೆ ಬಟಾಣಿಯ ಬೋಗುಣಿಯನ್ನು ಮೇಲಿಟ್ಟು, ಬೆರಳು ಇಟ್ಟು ಓದಿದಳು. ಅವಳು ಓದುವುದು ನಿಧಾನ, ತುಟಿ ಆಡಿಸಿಕೊಂಡು. ಅಲ್ಲಿ ಬರೆದಿದ್ದು ನನಗೆ ಬಾಯಿಪಾಠ: ಮಿಸೆಸ್ ಗ್ರಬ್‌ಗೆ ಒಬ್ಬ ಮಗಳಿದ್ದಾಳೆಂದು ನಮಗೆ ತಿಳಿದದ್ದು ನಾಲ್ಕನೆಯ ವರ್ಷ, ಅದುವರೆಗೆ ನಾವದನ್ನು ಹಿತ್ತಿಲಿನ ಬೆಕ್ಕೆಂದು ತಿಳಿದಿದ್ದೆವು. ಹಂಡೆಯ ಹಿಂದೆ ಎರಡು ಕಣ್ಣು, ಅದರ ಕೆಳಗೆ ಸದಾ ಸುರಿಯುವ ಒಂದು ಮೂಗು. ಅಮ್ಮ ಒಮ್ಮೆ ಅದಕ್ಕೊಂದು ಬಿಸ್ಕತ್ತು ಎಸೆದಳು.

ಆ 'ಅಮ್ಮ' ಟೋಪಿ ಇಟ್ಟುಕೊಂಡ ಅಮ್ಮ.

ಈ ಅಮ್ಮ ಓದಿ ಮುಗಿಸಿ, ಹಂಡೆಯ ಕೊಟ್ಟಿಗೆಯ ಕಡೆ ನೋಡಿ, ಆಮೇಲೆ ನನ್ನನ್ನು ನೋಡಿದಳು. ಮೊಟ್ಟೆಯನ್ನು ಬೆಳಕಿಗೆ ಹಿಡಿದು ಒಳಗೆ ಕೆಟ್ಟಿದೆಯೋ ಇಲ್ಲವೋ ಎಂದು ನೋಡುತ್ತಾಳಲ್ಲ, ಹಾಗೆ. ನಾನು ಏನಾದರೂ ಹೇಳುತ್ತೇನೆಂದು ಇಬ್ಬರೂ ಕಾದರು. ಪೆನೆಲಪಿ ವೇನ್ ಎಂಬವಳು ಪ್ರತಿ ಗುರುವಾರ ಎಂಟುನೂರು ಪದ ಹೇಳುತ್ತಾಳೆ. ಇವತ್ತು ಅವಳು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು.

"ತಪ್ಪು ನಂದು ಏಡಾ" ಎಂದಳು ಅಮ್ಮ. "ಹಲಗೆ ಮತ್ತೆ ಕಿಟಕಿಗೆ ಹಾಕು. ಊರಿಗೆ ನಾನು ಹೇಳ್ತೀನಿ."

ಏಡಾ ನನ್ನ ಕಡೆ ನೋಡದೆ ಹೋದಳು. ನೋಡಿದ್ದರೆ ವಾಸಿಯಿತ್ತು.

ಅಮ್ಮ ಪೇಪರನ್ನು ಸರಿಯಾಗಿ ಮಡಿಸಿ ಸಗ್ಡೆನ್ನರ ತಟ್ಟೆಯ ಪಕ್ಕ ಇಟ್ಟಳು. ನನಗೆ ಹೇಳಿದ ಮಾತು ಒಂದೇ: ನೀಲಿ ಬಿಚ್ಚಿಹೋಗಿದೆ, ಕಟ್ಟು.

ಆಗಸ್ಟ್ ೧೮, ಶುಕ್ರವಾರ

ಮೀನಂಗಡಿಗೆ ನಾನೂ ಬರಬೇಕೆಂದಳು, ಬುಟ್ಟಿ ಹಿಡಿಯಲು. ಶುಕ್ರವಾರದ ಸಾಲು, ಅರ್ಧ ಊರು ನಿಂತಿತ್ತು. ಅಮ್ಮ ಸಾಲಿನಲ್ಲಿ ತನ್ನ ಸರದಿ ಬರುವವರೆಗೂ ಸುಮ್ಮನಿದ್ದಳು. ಸರದಿ ತಪ್ಪಿಸಿ ಮಾತಾಡುವುದು ಅವಳ ಜಾಯಮಾನದಲ್ಲಿಲ್ಲ. ನಾಲ್ಕು ಹ್ಯಾಡಕ್ ಮೀನು ಹೇಳಿ, ಆಮೇಲೆ ತಿರುಗಿ ನಿಂತು, ಆ ಪೇಪರಿನ ಗ್ರಬ್ ಏಡಾ ಅಲ್ಲ, ತಾನು, ಏಡಾಳ ಮೇಲೆ ಹಾಕಿದ್ದು ತನ್ನ ದಡ್ಡತನ, ಬರೆದವಳು ಇಗೋ ಇಲ್ಲಿದ್ದಾಳೆ ಎಂದು ಹೇಳಿದಳು. ಮೀನಿನ ದರ ಹೇಳುವಷ್ಟು ಶಾಂತವಾಗಿ.

ವಿಲ್ಫ್ ಚಾಕು ಕೆಳಗಿಟ್ಟ. "ಅಡುಗೆ ಬರೀತಾಳೆ ಅಂದಿದ್ರಿ?"

"ಹೂಂ ಮತ್ತೆ. ನನ್ನನ್ನೇ ಬೇಯ್ಸಿ ಬಡ್ಸಿದಾಳಲ್ಲ."

ಯಾರೂ ನಗಲಿಲ್ಲ. ಇದೇ ಮಾತನ್ನು ನಾನು ಬರೆದಿದ್ದರೆ ಇಂಗ್ಲೆಂಡೇ ನಗುತ್ತಿತ್ತು. ವಿಲ್ಫ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಗಾದರೆ ಆ ಗೊಣ್ಣೆ ಮೂಗು ಈ ಮೂಗೇನಾ ಎಂದು ಕೇಳಿದ. ಸಾಲಿಗೆ ಸಾಲೇ ನನ್ನ ಮೂಗು ನೋಡಿತು. ಅದು ಆಗಲೇ ಸುರಿಯಲು ಶುರುವಾಗಿತ್ತು. ಮೀನಂಗಡಿಯ ಮಂಜುಗಡ್ಡೆಯ ಥಂಡಿಗೆ ಎಂದು ಇಲ್ಲಿ ಬರೆದಿಡುತ್ತೇನೆ.

ಸಂಜೆ ತಟ್ಟೆ ತೊಳೆಯುವಾಗ ಅಮ್ಮ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಳು. ನಾನು ಕ್ಷಮಿಸು ಎಂಬ ಮಾತನ್ನು ಬೆಳಗಿನಿಂದ ಬಾಯಲ್ಲಿ ಇಟ್ಟುಕೊಂಡಿದ್ದೆ, ಅದಕ್ಕೆ ಅವಳು ಜಾಗ ಕೊಡಲಿಲ್ಲ. ಸಗ್ಡೆನ್ನರಿಂದ ಹಳೆಯ ಅಂಕಣಗಳನ್ನೆಲ್ಲ ಕೇಳಿ ತಿಳಿದುಕೊಂಡಿದ್ದಳು.

"ಆ ಟೋಪಿಯಮ್ಮ ಯಾರು?"

"ಯಾರೂ ಅಲ್ಲಮ್ಮ. ಕಲ್ಪನೆ."

"ಏನು ಮಾಡ್ತಾಳೆ?"

"ಕೂತಿರ್ತಾಳೆ. ಓದ್ತಾಳೆ."

"ಆಗಸ್ಟಲ್ಲಿ?"

ಹೌದೆಂದೆ. ಅಮ್ಮ ಒಂದು ತಟ್ಟೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿದಳು. ಗ್ರಬ್ ವಿಷಯಕ್ಕೆ ತನಗೆ ಬೇಜಾರಿಲ್ಲ ಎಂದಳು. ತಾನು ಬಿಗಿಯೇ, ಅದರಲ್ಲಿ ಸುಳ್ಳೇನಿದೆ, ನಗುವಂಥದ್ದಿದ್ದರೆ ನಗಲಿ, ತಾನೂ ನಕ್ಕಾಗಿದೆ. ಆದರೆ ಬರೆಯುವವಳು ತನಗೆ ಬೇಕಾದ್ದನ್ನು ಬರೆದುಕೊಳ್ಳಬಹುದು ಅಂತಾದಾಗ, ಮಗಳಾಗಿ ಹೋಗಿ ಆ ಟೋಪಿಯಮ್ಮನ ಮಡಿಲಲ್ಲಿ ಕೂತೆಯಲ್ಲ ಎಂದಳು. ಬಟ್ಟೆಯನ್ನು ಒಣಹಾಕಿದಳು. ಬಾಗಿಲವರೆಗೂ ಹೋಗಿ ನಿಂತಳು.

"ಇನ್ನೊಂದು. ಆ ಮಗೂಗೆ ಮೂಗು ಸುರೀತಿರ್ಲಿಲ್ಲ. ನಾನು ಒರೆಸ್ತಿದ್ದೆ."

ಆಗಸ್ಟ್ ೧೯, ಶನಿವಾರ

ಸಗ್ಡೆನ್ ದಂಪತಿಗಳು ಹೊರಟರು. ಸಗ್ಡೆನ್ ನನ್ನ ಕೈ ಕುಲುಕಿ, ಪೆನೆಲಪಿ ವೇನ್ ಎಂದರೆ ಎತ್ತರದ ಹೆಂಗಸು ಎಂದುಕೊಂಡಿದ್ದೆ ಎಂದು ನಿರಾಸೆಯಿಂದ ಹೇಳಿದರು. ಮುಂದಿನ ವರ್ಷಕ್ಕೆ ಅದೇ ಕೋಣೆ, ಅದೇ ನೀಲಿ ಉಣ್ಣೆ ಎಂದು ಅಮ್ಮನ ಹತ್ತಿರ ಗಟ್ಟಿ ಮಾಡಿಕೊಂಡರು.

ಪಕ್ಕದ ಮನೆಗೆ ಹೋದೆ. ಏಡಾ ಬಾಗಿಲು ತೆರೆದಳು, ನಾನು ಹೇಳಿದ್ದನ್ನೆಲ್ಲ ನಿಂತು ಕೇಳಿದಳು, ಸರಿ ಎಂದಳು, ಬಾಗಿಲು ಹಾಕಿದಳು. ಇಷ್ಟೇ. ಹಲಗೆ ಕಿಟಕಿಗೆ ಬಂದಿದೆ.

ನನಗೂ ಇವತ್ತು ಮಧ್ಯಾಹ್ನದ ರೈಲಿಗೆ ಟಿಕೆಟ್ಟಿತ್ತು. ಆದರೆ ಎರಡು ಕೋಣೆಯ ಹಾಸಿಗೆ ಹಾಗೇ ಬಿದ್ದಿತ್ತು, ಲೀಡ್ಸಿನವರು ಬಿಟ್ಟುಹೋದ ಏಡಿಯೊಂದು ಮಂಚದ ಕೆಳಗೆ ನಾರುತ್ತಿತ್ತು, ನಾಲ್ಕಕ್ಕೆ ಹೊಸಬರು ಬರುವವರಿದ್ದರು. ಇವನ್ನೆಲ್ಲ ಹಾಗೇ ಬಿಟ್ಟು ಯಾರಾದರೂ ರೈಲು ಹತ್ತುತ್ತಾರೆಯೇ? ಮುಂದಿನ ವಾರದ ಅಂಕಣ ಬೇಡ, ಹಿಂದಕ್ಕೆ ತೆಗೆದುಕೊಳ್ಳಿ ಎಂದು ಸಂಪಾದಕರಿಗೆ ತಂತಿ ಕೊಟ್ಟೆ. ಬದಲಿಗೆ ಏನು ಎಂದು ಅವರ ತಂತಿ ಬಂದಿದೆ. ಅದಕ್ಕೆ ಉತ್ತರ ಬರೆಯಬೇಕು, ಮೊದಲು ಚಾದರ ಒಣಗಲಿ. ಸೋಮವಾರ ಇನ್ನೊಂದು ಸಂಸಾರ ಬರುತ್ತದೆ, ಹಸಿರು ಉಣ್ಣೆ ಸಾಲದು.

ನಾಲ್ಕಕ್ಕೆ ವೇಕ್‌ಫೀಲ್ಡಿನ ಸಂಸಾರ ಬಂತು. ಗಂಡ, ಹೆಂಡತಿ, ಒದ್ದೆ ಮೂಗಿನ ಎರಡು ಮಕ್ಕಳು. ಹೆಂಡತಿ ಟೋಪಿ ತೆಗೆಯುತ್ತ ನನ್ನನ್ನು ನೋಡಿ, ಇವರು ಯಾರು ಎಂದು ಅಮ್ಮನನ್ನು ಕೇಳಿದಳು. ನಾನು ಉತ್ತರಿಸಲು ಬಾಯಿ ತೆರೆದೆ. ಅಮ್ಮ ಮೊದಲೇ ಹೇಳಿದಳು.

"ಇವಳಾ? ಈ ಬೇಸಿಗೇಗೆ ಕೆಲಸಕ್ಕೆ ಇಟ್ಕೊಂಡಿದೀನಿ."

ಅವಳ ಮುಖದಲ್ಲಿ ನಗುವಿತ್ತೋ ಇಲ್ಲವೋ ಎಂದು ಹುಡುಕಿದೆ. ಮಿಸೆಸ್ ಗ್ರಬ್ಬಳ ಮುಖವನ್ನು ಆರು ವರ್ಷ ವರ್ಣಿಸಿದವಳಿಗೆ ಅದನ್ನು ಓದಲು ಆಗಲಿಲ್ಲ. ಆ ಹೆಂಗಸು, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ, ಕೆಲಸ ಬರುತ್ತಾ ಇವಳಿಗೆ ಎಂದು ಕೇಳಿದಳು.

ನಾನು ಬಗ್ಗಿ ಎರಡು ಪೆಟ್ಟಿಗೆಗಳನ್ನೂ ಎತ್ತಿಕೊಂಡೆ. ಅಮ್ಮ ನನ್ನನ್ನು ನೋಡುತ್ತಿದ್ದಳು. ಅವಸರವಿಲ್ಲದೆ, ಕೆಲಸದವಳನ್ನು ಆರಿಸುವ ಬಿಡಾರದಮ್ಮನಂತೆ, ಪೂರ್ತಿ ನೋಡಿದಳು.

"ತಡವಾಗಿ ಬಂದ್ಲು" ಎಂದಳು. "ಕಲೀತಾಳೆ."